ಬ್ಯಾಟರಿ ಫ್ಯಾನ್: ಮೋಟಾರಿಗಿಂತ ಸೆಲ್ ಮುಖ್ಯ

ಮನೆಯಲ್ಲಿ ಪುಟ್ಟ ಫ್ಯಾನ್ ಮಾಡಹೊರಟವರು ಮೊದಲು ಕೈ ಹಾಕುವುದು 9 ವೋಲ್ಟಿನ ಚೌಕ ಬ್ಯಾಟರಿಗೆ. ಫ್ಯಾನ್ ಜೋರಾಗಿ ತಿರುಗುತ್ತದೆ, ಸ್ವಲ್ಪ ಹೊತ್ತಿಗೇ ಸೊರಗುತ್ತದೆ. ಅದರೊಳಗಿರುವುದು 1.5 ವೋಲ್ಟಿನ ಆರು ಪುಟಾಣಿ ಸೆಲ್‌ಗಳು. ಮಲ್ಟಿಮೀಟರಿನಂಥ ಕಡಿಮೆ ಕರೆಂಟ್ ಎಳೆಯುವ ಸಾಧನಕ್ಕೆ ಅದು ಸರಿ, ಮೋಟಾರಿಗೆ ಸಾಲದು. ಮೇಲಾಗಿ 3 ವೋಲ್ಟಿನ ಮೋಟಾರಿಗೆ 9 ವೋಲ್ಟ್ ಕೊಟ್ಟರೆ ಒಳಗಿನ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಬೇಗ ಸವೆಯುತ್ತದೆ.

ನಾನು ಬಳಸುವುದು 130 ಸೈಜಿನ ಆಟಿಕೆ ಮೋಟಾರ್. 3ರಿಂದ 6 ವೋಲ್ಟಿನದು, ಶಾಫ್ಟ್ (ತಿರುಗುವ ಕಡ್ಡಿ) 2 ಮಿ.ಮೀ. ಇದಕ್ಕೆ 75 ಮಿ.ಮೀ. ಅಗಲದ ಪ್ಲಾಸ್ಟಿಕ್ ರೆಕ್ಕೆ, 2000 ಎಂಎಎಚ್‌ನ (ಅಂದರೆ ಎರಡು ಆಂಪಿಯರನ್ನು ಒಂದು ಗಂಟೆ ಕೊಡಬಲ್ಲ) ಮೂರು ಎಎ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್, ಹೋಲ್ಡರ್, ಸ್ವಿಚ್, ಅರ್ಧ ಮೀಟರ್ ವೈರ್ ಮತ್ತು 104 ಎಂದು ಬರೆದಿರುವ ಒಂದು ಸೆರಾಮಿಕ್ ಕೆಪಾಸಿಟರ್. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತವೆ. ಮೋಟಾರನ್ನು ಕೆಟ್ಟ ಆಟಿಕೆ ಕಾರಿನಿಂದಲೂ ಕಿತ್ತುಕೊಳ್ಳಬಹುದು.

ಹತ್ತು ಸೆಂ.ಮೀ. ಚೌಕದ ಪ್ಲೈವುಡ್ ತುಂಡಿನ ಮೇಲೆ ಹದಿನೈದು ಸೆಂ.ಮೀ. ಪಿವಿಸಿ ಪೈಪ್ ನಿಲ್ಲಿಸಿ. ಮೋಟಾರನ್ನು ಬರೀ ಗ್ಲೂ ಗನ್ನಿನ ಅಂಟಿನಿಂದ ಕೂರಿಸಬೇಡಿ. ಮೋಟಾರ್ ಬಿಸಿಯಾದಾಗ ಅಂಟು ಮೆತ್ತಗಾಗಿ ಮೂತಿ ಕೆಳಗೆ ವಾಲುತ್ತದೆ. ಪೈಪಿಗೆ ಎರಡು ತೂತು ಕೊರೆದು ಕೇಬಲ್ ಟೈ ಬಿಗಿಯಿರಿ.

ವೈರಿಂಗ್‌ನಲ್ಲಿ ಕಷ್ಟವೇನಿಲ್ಲ: ಹೋಲ್ಡರಿನ ಕೆಂಪು ವೈರ್ ಸ್ವಿಚ್ಚಿಗೆ, ಅಲ್ಲಿಂದ ಮೋಟಾರಿಗೆ, ಕಪ್ಪು ನೇರ ಮೋಟಾರಿಗೆ. ಕೆಪಾಸಿಟರನ್ನು ಮೋಟಾರಿನ ಎರಡು ಕಾಲುಗಳಿಗೆ ಅಡ್ಡಲಾಗಿ ಬೆಸುಗೆ ಹಾಕಿ. ಪಕ್ಕದ ರೇಡಿಯೋದಲ್ಲಿ ಗರಗರ ಸದ್ದು ಕಡಿಮೆಯಾಗುತ್ತದೆ. ಗಾಳಿ ಹಿಂದಕ್ಕೆ ಹೋಗುತ್ತಿದ್ದರೆ ಮೋಟಾರಿನ ಎರಡು ವೈರ್ ಅದಲುಬದಲು ಮಾಡಿ. ಇದು ಬರೀ ಗಾಳಿಯ ದಿಕ್ಕಿನ ಮಾತಲ್ಲ. ಗಾಳಿ ಮುಂದಕ್ಕೆ ಬೀಸಿದರೆ ಅದರ ಒತ್ತಡ ರೆಕ್ಕೆಯನ್ನು ಮೋಟಾರಿನ ಕಡೆಗೇ ತಳ್ಳುತ್ತದೆ. ಉಲ್ಟಾ ತಿರುಗಿದರೆ ರೆಕ್ಕೆ ಮೆಲ್ಲಗೆ ಶಾಫ್ಟಿನಿಂದ ಜಾರಿ ಹಾರಿಬೀಳುತ್ತದೆ.

ಹೆಚ್ಚು ತಲೆನೋವು ಕೊಡುವುದು ನಡುಕ. ಬಾಟಲಿಯ ಪ್ಲಾಸ್ಟಿಕ್ ಕತ್ತರಿಸಿ ರೆಕ್ಕೆ ಮಾಡಿದರಂತೂ ಹೇಳುವುದೇ ಬೇಡ, ಶಾಫ್ಟ್ ತೂರಿಸುವ ಮುಚ್ಚಳದ ತೂತು ಒಂದು ಮಿ.ಮೀ. ಆಚೀಚೆಯಾದರೂ ಇಡೀ ಸ್ಟ್ಯಾಂಡು ಮೇಜಿನ ಮೇಲೆ ನಡೆಯತೊಡಗುತ್ತದೆ. ಮುಚ್ಚಳದ ಅಳತೆಗೆ ಕಾಗದದ ವೃತ್ತ ಕತ್ತರಿಸಿ ಎರಡು ಸಲ ಮಡಿಚಿ. ಮಡಿಕೆಗಳು ಸೇರುವ ಜಾಗವೇ ನಡು. ಆಮೇಲೆ ರೆಕ್ಕೆಯನ್ನು ಸೂಜಿಯ ಮೇಲೆ ಸಡಿಲವಾಗಿ ಅಡ್ಡ ಹಿಡಿದು ತಿರುಗಿಸಿ. ಪ್ರತಿ ಸಲ ಒಂದೇ ಎಸಳು ಕೆಳಗೆ ಬಂದು ನಿಂತರೆ ಅದೇ ಭಾರ; ತುದಿಯನ್ನು ಚೂರು ಚೂರೇ ಕತ್ತರಿಸಿ.

ನನ್ನ ಮೀಟರಿನಲ್ಲಿ ಕರೆಂಟ್ ಸುಮಾರು ಅರ್ಧ ಆಂಪಿಯರ್. ಲೆಕ್ಕಕ್ಕೆ ಸೆಲ್ ನಾಲ್ಕು ಗಂಟೆ ಬರಬೇಕು; ಮೂರೂವರೆ ಸಿಕ್ಕರೆ ಸರಿಯೆನ್ನಬೇಕು. ದೊಡ್ಡ ರೆಕ್ಕೆ ಹಾಕಿದರೆ ಗಾಳಿಗಿಂತ ಮೊದಲು ಕರೆಂಟ್ ಏರುತ್ತದೆ, ಮೋಟಾರ್ ಮುಟ್ಟಲಾಗದಷ್ಟು ಸುಡುತ್ತದೆ. ಪರದೆ ಸಿಕ್ಕಿ ರೆಕ್ಕೆ ನಿಂತರೂ ಅಷ್ಟೇ: ತಕ್ಷಣ ಸ್ವಿಚ್ ಆರಿಸಿ.

18650 ಲಿಥಿಯಂ ಸೆಲ್ಲಿಗೆ ಬದಲಾಗುವುದಾದರೆ ಸೆಲ್ಲಿನ ಮೇಲೆ ನೇರ ಬೆಸುಗೆ ಬೇಡ, ಹೋಲ್ಡರ್ ಬಳಸಿ. ಚಾರ್ಜಿಂಗಿಗೆ ಟಿಪಿ4056 ಬೋರ್ಡ್ ಕೊಳ್ಳುವಾಗ ಸೆಲ್ಲಿಗೆ ವೈರ್ ಜೋಡಿಸುವ ಒಂದು ಜೋಡಿ ಬಿಂದು, ಔಟ್‌ಪುಟ್ಟಿಗೆ ಇನ್ನೊಂದು ಜೋಡಿ ಇರುವುದನ್ನೇ ಕೇಳಿ. ಸೆಲ್ ತೀರಾ ಬರಿದಾಗದಂತೆ ತಡೆಯುವ ಸರ್ಕ್ಯೂಟ್ ಅದರಲ್ಲಿರುತ್ತದೆ. ಮೋಟಾರನ್ನು ಔಟ್‌ಪುಟ್ಟಿಗೇ ಜೋಡಿಸಿ. ಚಾರ್ಜ್ ಆಗುತ್ತಿರುವಾಗ ಫ್ಯಾನ್ ಓಡಿಸಬೇಡಿ. ಮೋಟಾರ್ ಎಳೆಯುವ ಕರೆಂಟನ್ನೂ ಸೆಲ್ ಎಳೆಯುತ್ತಿದೆಯೆಂದೇ ಬೋರ್ಡ್ ತಿಳಿಯುವುದರಿಂದ ಚಾರ್ಜಿಂಗ್ ನಿಲ್ಲುವುದೇ ಇಲ್ಲ.