‘ಬಾ’ ಅಂದರೆ ಎಲ್ಲ ಕಡೆ ಬಾ ಅಂತಲ್ಲ: ಒಂದು ಚಿಕ್ಕ ಪದದ ಬೆನ್ನು ಹತ್ತುವುದು ಹೇಗೆ

ನಮ್ಮ ಮನೆಗೆ ಟೈಲ್ಸ್ ಹಾಕಲು ಬಂದಿದ್ದ ಹುಡುಗ ಬಿಹಾರದ ಸಿವಾನ್ ಕಡೆಯವನು. ಮಧ್ಯಾಹ್ನ ಊಟ ಮುಗಿಸಿ, ಮೆಟ್ಟಿಲ ಮೇಲೆ ಕೂತು ಊರಿಗೆ ಫೋನ್ ಮಾಡಿ, ಜೋರಾಗಿ “ಸಬ್ ಠೀಕ್ ಬಾ” ಅಂದ. ಬಾಗಿಲಲ್ಲಿ ನಿಂತಿದ್ದ ನನ್ನ ನಾಲ್ಕು ವರ್ಷದ ಮಗಳು ಕೈಯಲ್ಲಿದ್ದ ಅರ್ಧ ಬಾಳೆಹಣ್ಣಿನ ಸಮೇತ ಸೀದಾ ಅವನ ಹತ್ತಿರ ಹೋಗಿ ನಿಂತಳು. ಕರೆದರಲ್ಲ, ಅದಕ್ಕೆ. ಇವಳು ಯಾಕೆ ಬಂದಳು ಅಂತ ಅವನಿಗೆ ಗೊತ್ತಾಗಲಿಲ್ಲ. ಆದರೂ ಪಕ್ಕಕ್ಕೆ ಸರಿದು ಕೂರಲು ಜಾಗ ಮಾಡಿಕೊಟ್ಟ.

ಭೋಜಪುರಿಯಲ್ಲಿ ‘ಬಾ’ ಅಂದರೆ ‘ಇದೆ’. ಸಬ್ ಠೀಕ್ ಬಾ, ಎಲ್ಲ ಚೆನ್ನಾಗಿದೆ.

ಅವತ್ತಿನಿಂದ ಈ ಒಂದು ಅಕ್ಷರದ ಬೆನ್ನು ಹತ್ತಿದ್ದೇನೆ. ನೀವೂ ಹತ್ತಬಹುದು, ಅದಕ್ಕೆ ಭಾಷಾಶಾಸ್ತ್ರ ಓದಿರಬೇಕು ಅಂತೇನಿಲ್ಲ. ಕಿವಿ ಬೇಕು, ಒಂದು ನೋಟ್‌ಬುಕ್ ಬೇಕು, ‘ಅರೆ, ಇದು ನಮ್ಮದೇ ಪದ’ ಅಂತ ಹಾರಿಬೀಳದೆ ಸ್ವಲ್ಪ ತಡೆದುಕೊಳ್ಳುವ ತಾಳ್ಮೆ ಬೇಕು. ಈ ತಾಳ್ಮೆಯೇ ಕಷ್ಟ. ವಾಟ್ಸಾಪಿನಲ್ಲಿ ಓಡಾಡುವ ‘ಆ ಭಾಷೆಗೂ ಕನ್ನಡವೇ ಮೂಲ’ ಥರದ ಮೆಸೇಜುಗಳು ಹುಟ್ಟುವುದು ಇಲ್ಲೇ, ಎರಡು ಪದ ಒಂದೇ ಥರ ಕೇಳಿಸಿದ ಕೂಡಲೇ ನಂಟು ಕಟ್ಟಿಬಿಡುವುದರಿಂದ. ಬಾಯಿಂದ ಹೊರಡುವ ಸದ್ದುಗಳು ಕೆಲವೇ, ಭಾಷೆಗಳು ಸಾವಿರಾರು. ಒಂದಕ್ಷರದ ಪದಗಳು ಒಂದಕ್ಕೊಂದು ಡಿಕ್ಕಿ ಹೊಡೆಯಲೇಬೇಕು ಅಲ್ವಾ?

ಮೊದಲು ನಿಮ್ಮ ಪದವನ್ನೇ ಸರಿಯಾಗಿ ನೋಡಿಕೊಳ್ಳಿ. ಕನ್ನಡದ ‘ಬಾ’ ಒಂಟಿಯಲ್ಲ. ಅದರ ಹಿಂದೆ ಬರು, ಬಂದ, ಬಾರದು ಎಲ್ಲ ಇವೆ. ‘ಬಾರೋ’, ‘ಬಾರೇ’ ಅಂದಾಗ ಅಡಗಿದ್ದ ‘ರ’ ಹೊರಗೆ ಬರುತ್ತದೆ. ಅಮ್ಮನಿಗೆ, ಅಜ್ಜಿಗೆ ಸಲುಗೆಯಿಂದ ‘ಬಾ’ ಅನ್ನುತ್ತೇವೆ, ಮನೆಗೆ ಬಂದ ಹಿರಿಯರಿಗೆ ‘ಬನ್ನಿ’, ಧಾರವಾಡದ ಕಡೆ ‘ಬರ್ರಿ’. ಹೊರಟವರಿಗೆ ಬರೀ ‘ಹೋಗು’ ಅನ್ನಲು ಬಾಯಿ ಬರುವುದಿಲ್ಲ, ‘ಹೋಗಿ ಬಾ’ ಅನ್ನುತ್ತೇವೆ. ಇಷ್ಟನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಬೇರೆ ಭಾಷೆಗೆ ಹೋಗುವಾಗ, ಬರೆದದ್ದನ್ನು ನಂಬದೆ ಕಿವಿಯಿಂದ ಕೇಳಿ. ಚೀನಾದ ಮ್ಯಾಂಡರಿನ್ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬಿ, ಎ ಅಂತ ಬರೆದಿದ್ದರೂ ನಮ್ಮ ಕಿವಿಗೆ ಅದು ‘ಪಾ’ಗೆ ಹತ್ತಿರ. ಅದರ ಮೇಲೆ ದನಿಯ ಏರಿಳಿತ ಬೇರೆ. ದನಿ ಮೇಲೆಯೇ ಮಟ್ಟವಾಗಿ ನಿಂತರೆ ಎಂಟು, ಏರಿದರೆ ಕಿತ್ತು ತೆಗೆ, ತಗ್ಗಿ ಎದ್ದರೆ ಹಿಡಿ, ಮೇಲಿಂದ ಧಡಕ್ಕನೆ ಇಳಿದರೆ ಅಪ್ಪ. ಮಾತಿನ ಕೊನೆಗೆ ಹಗುರವಾಗಿ ಅಂಟಿಸಿದರೆ, ನಾವು ‘ಹೋಗೋಣ ಅಲ್ವಾ’ ಅನ್ನುವಾಗಿನ ‘ಅಲ್ವಾ’ ಥರ. ಬೀಜಿಂಗ್ ಒಲಿಂಪಿಕ್ಸ್ 2008ರ ಆಗಸ್ಟ್ 8ರ ರಾತ್ರಿ 8 ಗಂಟೆಗೆ ಶುರುವಾಯಿತಲ್ಲ, ಅಲ್ಲಿನವರು ಶುಭ ಅಂತ ನಂಬುವ ಎಂಟು ಇದೇ. ವಿಯೆಟ್ನಾಮಿನಲ್ಲಿ ಮಟ್ಟ ದನಿಯ ‘ಬಾ’ ಅಂದರೆ ಮೂರು, ದಕ್ಷಿಣದವರ ಬಾಯಲ್ಲಿ ಅಪ್ಪನೂ ಹೌದು. ದನಿ ಇಳಿಸಿದರೆ ಅಜ್ಜಿ. ಗಂಟಲಲ್ಲಿ ತಡೆದು ಏರಿಸಿದರೆ ಹಿಂಡಿ ಉಳಿದ ಚರಟ, ಕಬ್ಬಿನ ಸಿಪ್ಪೆ ಥರದ್ದು. ಹಾಗಾಗಿ ಸಾಧ್ಯವಾದರೆ ಮಾತಾಡುವವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬರೀ ಅಕ್ಷರ ನೋಡಿ ಪಟ್ಟಿ ಮಾಡಿದರೆ ಇಷ್ಟೂ ಪದಗಳು ಒಂದೇ ಸಾಲಿಗೆ ಬಂದು ಕೂತುಬಿಡುತ್ತವೆ.

ಒಂಟಿ ಪದ ಕೇಳಬೇಡಿ, ಪೂರ್ತಿ ವಾಕ್ಯ ಕೇಳಿ. ಪದ ಅಲ್ಲಿ ಏನು ಕೆಲಸ ಮಾಡುತ್ತಿದೆ ಅನ್ನುವುದು ಆಗ ತಿಳಿಯುತ್ತದೆ. ಫಾರಸಿಯ ‘ಬಾ’ ಇನ್ನೊಂದು ಪದದ ಮುಂದೆ ನಿಂತು ‘ಜೊತೆಗೆ’ ಅನ್ನುತ್ತದೆ. ಅದಬ್ ಅಂದರೆ ಮರ್ಯಾದೆ, ಬಾಅದಬ್ ಅಂದರೆ ಮರ್ಯಾದೆಯಿಂದ. ಇದರ ಎದುರಿನದು ‘ಬೇ’, ಅಂದರೆ ‘ಇಲ್ಲದ’. ಅದು ನಮ್ಮಲ್ಲೇ ಮನೆ ಮಾಡಿಕೊಂಡಿದೆ: ಬೇನಾಮಿ, ಬೇಜವಾಬ್ದಾರಿ, ಬೇವಾರಸಿ. ಜಪಾನಿಯಲ್ಲಿ ‘ಬಾ’ ಜಾಗ. ಗುಜರಾತಿಯಲ್ಲಿ ಅಮ್ಮ, ಕಸ್ತೂರಬಾ ಅವರನ್ನು ಎಲ್ಲರೂ ‘ಬಾ’ ಅಂತಲೇ ಕರೆಯುತ್ತಿದ್ದರು. ಗಡಿ ದಾಟಿ ಮರಾಠಿ ಹಳ್ಳಿಗೆ ಬಂದರೆ ಅದೇ ‘ಬಾ’ ಅಪ್ಪ! ಅಪ್ಪ ಅಮ್ಮನ ಹೆಸರುಗಳ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಇರಲಿ. ಮಗು ತುಟಿ ಮುಚ್ಚಿ ತೆರೆದರೆ ಬಾ, ಮಾ, ಪಾ ತಾನಾಗಿ ಬರುತ್ತವೆ, ಹತ್ತಿರ ಇದ್ದವರು ಅದನ್ನು ತಮ್ಮ ಹೆಸರು ಮಾಡಿಕೊಳ್ಳುತ್ತಾರೆ. ಅಲ್ಲಿ ನಂಟು ಹುಡುಕಿ ಪ್ರಯೋಜನ ಇಲ್ಲ.

ಹಾಗಾದರೆ ನಿಜವಾದ ನೆಂಟರು ಯಾರು? ಇದಕ್ಕೆ ನನಗೆ ತುಂಬ ಇಷ್ಟವಾದ ಪರೀಕ್ಷೆ ಒಂದಿದೆ. ಪದವನ್ನು ನಿನ್ನೆಗೆ ತಿರುಗಿಸಿ ಕೇಳಿ. ಕನ್ನಡದಲ್ಲಿ ಬಾ, ಬಂದ. ತಮಿಳಿನಲ್ಲಿ ವಾ, ವಂದಾನ್. ಮಲಯಾಳದಲ್ಲಿ ವಾ, ವನ್ನು. ತುಳುವಿನಲ್ಲಿ ಬಲ, ಬತ್ತೆ. ತೆಲುಗಿನ ‘ರಾ’ ಮೇಲ್ನೋಟಕ್ಕೆ ಹೊರಗಿನವನ ಹಾಗೆ ಕಾಣುತ್ತದೆ, ಆದರೆ ‘ಬಂದ’ ಅನ್ನಲು ‘ವಚ್ಚಾಡು’ ಅಂದ ಕೂಡಲೇ ಅಡಗಿದ್ದ ‘ವ’ ಸಿಕ್ಕಿಬೀಳುತ್ತದೆ. ಆಮೇಲೆ ಬೇರೆ ಪದಗಳಲ್ಲೂ ಇದೇ ಜೋಡಿ ಸಿಗುತ್ತದಾ ಅಂತ ನೋಡಿ. ನಮ್ಮ ಬಾಯಿ ತಮಿಳಿನಲ್ಲಿ ವಾಯ್, ಬೇರು ವೇರ್, ಬಿಲ್ಲು ವಿಲ್, ಬೆಣ್ಣೆ ವೆಣ್ಣೆಯ್. ಮೊದಲಕ್ಷರದ ‘ವ’ ಕನ್ನಡದಲ್ಲಿ ಸಾಲಾಗಿ ‘ಬ’ ಆಗಿದೆ. ಒಂದು ಪದ ಅಕಸ್ಮಾತ್ ಹೊಂದಬಹುದು, ಇಷ್ಟು ಪದ ಒಟ್ಟಿಗೆ ಹೊಂದುವುದಿಲ್ಲ.

ಈಗ ಟೈಲ್ಸ್ ಹುಡುಗನ ‘ಬಾ’ಗೆ ಇದನ್ನೇ ಹಚ್ಚಿ. ಮಾರನೇ ದಿನ ಟೀ ಕೊಡುವಾಗ ಕೇಳಿದೆ: ಚೆನ್ನಾಗಿತ್ತು ಅನ್ನಲು ಏನಂತೀಯ? “ಠೀಕ್ ರಹಲ್.” ಚೆನ್ನಾಗಿಲ್ಲ ಅನ್ನಲು? “ಠೀಕ್ ನೈಖೇ.” ನಿನ್ನೆಗೆ ತಿರುಗಿಸಿದರೂ, ಇಲ್ಲ ಅಂದರೂ, ‘ಬಾ’ ಮಾಯ. ನಮ್ಮ ಬಾ, ಬಂದ, ಬಾರದುಗೂ ಇದಕ್ಕೂ ಸಂಬಂಧವೇ ಇಲ್ಲ. ಅವರ ‘ಬಾ’ಗೆ ಇನ್ನೊಂದು ರೂಪ ‘ಬಾಟೇ’, ಅದು ಸಂಸ್ಕೃತದ ವರ್ತತೇಯಿಂದ ಸವೆದು ಬಂದದ್ದು. ಅಂದರೆ ಭೋಜಪುರಿಯ ‘ಬಾ’ ನಮ್ಮ ‘ಬಾ’ದ ನೆಂಟನಲ್ಲ, ನಾವು ಸಂಸ್ಕೃತದಿಂದ ತಂದುಕೊಂಡ ‘ವರ್ತಮಾನ’ದ ನೆಂಟ! ಎರಡು ಕಡೆಯೂ ‘ವ’ ಹೋಗಿ ‘ಬ’ ಆಗಿದೆ, ಎರಡೂ ಬೇರೆ ಬೇರೆ ದಾರಿಯಿಂದ ನಡೆದು ಒಂದೇ ಸದ್ದಿಗೆ ಬಂದು ನಿಂತಿವೆ. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ನಿಮ್ಮ ಊಹೆ ಸರಿಯಾ ಅಂತ ನೋಡಲು ಸುಮ್ನೆ ಗೂಗಲ್ ಮಾಡಬೇಡಿ. ಕನ್ನಡಕ್ಕೆ 1894ರ ಕಿಟೆಲ್ ನಿಘಂಟು ಇದೆ. ದ್ರಾವಿಡ ಭಾಷೆಗಳಿಗೆ ಥಾಮಸ್ ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು ಮಾಡಿದ ನಿಘಂಟು, ಉತ್ತರದ ಭಾಷೆಗಳಿಗೆ ಟರ್ನರ್ ನಿಘಂಟು, ಈ ಎರಡೂ ಷಿಕಾಗೋ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ‘ಬಾ’ ಅಂತ ಹುಡುಕಿ ಸಿಗದಿದ್ದರೆ ‘ಬರು’ ಅಂತ ಹುಡುಕಿ.

ಕೈ ಪಳಗಿದ ಮೇಲೆ ‘ನೀ’ ಹಿಡಿಯಿರಿ, ಅದು ಇನ್ನೂ ಗಟ್ಟಿ ಕಾಯಿ. ಕನ್ನಡ, ತಮಿಳು, ಮಲಯಾಳದಲ್ಲಿ ‘ನೀ’ ಅಂದರೆ ನೀನು. ಮ್ಯಾಂಡರಿನ್‌ನಲ್ಲೂ ‘ನೀ’ ಅಂದರೆ ನೀನೇ! ಸದ್ದೂ ಅದೇ, ಅರ್ಥವೂ ಅದೇ. ನಂಬಿಬಿಡುವ ಮುಂಚೆ ‘ನಿನ್ನ’ ಅನ್ನಲು ಒಬ್ಬೊಬ್ಬರೂ ಏನಂತಾರೆ ಕೇಳಿ. ಮಲಯಾಳದವರು ‘ನಿಂಡೆ’ ಅಂತಾರೆ, ನಮ್ಮ ‘ನಿನ್ನ’ದ ಹಾಗೆ ಪದವೇ ಬಾಗುತ್ತದೆ. ಚೀನಾದವರು ‘ನೀ’ಯನ್ನು ಹಾಗೇ ಬಿಟ್ಟು ಪಕ್ಕಕ್ಕೆ ‘ದ’ ಅಂತ ಇನ್ನೊಂದು ಪದ ಇಡುತ್ತಾರೆ. ಅಲ್ಲಿಂದ ಮುಂದಕ್ಕೆ ನೀವೇ ಹುಡುಕಿ.