ಜೀಪಿನ ಸ್ಪ್ರಿಂಗ್ ಪ್ಲೇಟಿನಿಂದ ಅಡುಗೆಮನೆ ಚಾಕು: ನಾನು ಹದ ಹಾಕುವ ಬಗೆ

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಜೀಪುಗಳಿಗೆ ಬರವಿಲ್ಲ. ಹಾಗಾಗಿ ಗುಜರಿ ಅಂಗಡಿಯಲ್ಲಿ ಮುರಿದ ಸ್ಪ್ರಿಂಗ್ ಪ್ಲೇಟಿಗೂ ಬರವಿಲ್ಲ. ನಾನು ಚಾಕು ಮಾಡುವುದು ಅದರಿಂದಲೇ. ಅದರಲ್ಲಿ ಇಂಗಾಲ ಶೇ. 0.5ರಿಂದ 0.6ರ ಆಸುಪಾಸು ಇರುತ್ತದೆ, ಎಣ್ಣೆಯಲ್ಲಿ ಅದ್ದಿದರೆ ಗಡುಸಾಗುತ್ತದೆ. ಕಟ್ಟಡದ ಕಂಬಿ, ಆಂಗಲ್, ಗೇಟಿನ ಪಟ್ಟಿ ಇವುಗಳಲ್ಲಿ ಇಂಗಾಲ ಸಾಲದು. ಎಷ್ಟು ಕಾಯಿಸಿ ಅದ್ದಿದರೂ ಹರಿತ ನಿಲ್ಲುವುದಿಲ್ಲ. ಸತು ಲೇಪಿಸಿದ ಕಬ್ಬಿಣವನ್ನಂತೂ ಕುಲುಮೆಗೆ ಹಾಕಲೇಬಾರದು, ಅದರ ಹೊಗೆ ವಿಷ.

ಹಳೆಯ ಪ್ಲೇಟಿನ ದೊಡ್ಡ ತೊಂದರೆ ಕಣ್ಣಿಗೆ ಕಾಣದ ಬಿರುಕು. ನಡುವಿನ ಬೋಲ್ಟಿನ ತೂತಿನ ಸುತ್ತ ಮತ್ತು ತುದಿಯ ಸುರುಳಿಯ ಹತ್ತಿರ ಬಿರುಕು ಹೆಚ್ಚು, ಆ ಭಾಗ ಬಿಟ್ಟೇ ಕತ್ತರಿಸುತ್ತೇನೆ. ಉಳಿದದ್ದನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯುತ್ತೇನೆ. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಎಣ್ಣೆ ಮೇಲೆ ಬಂದು ಸುಣ್ಣದ ಮೇಲೆ ಸಣ್ಣ ಗೆರೆ ಎಳೆಯುತ್ತದೆ. ಗೆರೆ ಕಂಡ ತುಂಡಿನಲ್ಲಿ ಕೆಲಸ ಮಾಡುವುದು ದಂಡ.

ಕುಲುಮೆಗೆ ಹಳೆಯ ಬ್ರೇಕ್ ಡ್ರಮ್ಮು, ಅದರ ಅಡಿಗೆ ಒಂದೂವರೆ ಇಂಚಿನ ಪೈಪು, ರೆಗ್ಯುಲೇಟರ್ ಹಾಕಿದ ಸಣ್ಣ ಬ್ಲೋವರ್ ಇದ್ದರೆ ಸಾಕು. ಇದ್ದಿಲು ಅಲಗಿನ ಕೆಳಗೂ ಮೇಲೂ ದಪ್ಪವಾಗಿ ಇರಬೇಕು. ಗಾಳಿ ಹೆಚ್ಚಾಗಿ, ಇದ್ದಿಲು ತೆಳುವಾದರೆ ಕಬ್ಬಿಣದ ಮೇಲ್ಮೈಯ ಇಂಗಾಲ ಸುಟ್ಟುಹೋಗುತ್ತದೆ. ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ ಹಲಸಿನ ಮರದ ದಿಮ್ಮಿಯ ಮೇಲೆ ಕೂರಿಸಿದ 50 ಮಿ.ಮೀ. ದಪ್ಪದ ಉಕ್ಕಿನ ತುಂಡು, ಬಡಿಯಲು ಒಂದು ಕೆ.ಜಿ. ಸುತ್ತಿಗೆ.

ಪ್ಲೇಟು ಸುಮಾರು 6 ಮಿ.ಮೀ. ದಪ್ಪ ಇರುತ್ತದೆ. ಬೆನ್ನಿನ ಹತ್ತಿರ ಮೂರು ಮೂರೂವರೆ ಮಿ.ಮೀ. ಆಗುವಷ್ಟು ಬಡಿಯುತ್ತೇನೆ. ಬಣ್ಣ ಕಿತ್ತಳೆಯಲ್ಲಿ ಇರುವಾಗ ಬಡಿಯಬೇಕು. ಮಂಕು ಕೆಂಪಿಗೆ ಇಳಿದ ಮೇಲೂ ಬಡಿದರೆ ಒಳಗೆ ಸೀಳು ಹುಟ್ಟುತ್ತದೆ. ಬಿಳಿ ಬಣ್ಣಕ್ಕೇರಿ ಕಿಡಿ ಹಾರಿದರೆ ಆ ಜಾಗ ಸುಟ್ಟುಹೋಯಿತು, ಕತ್ತರಿಸಿ ತೆಗೆಯುವುದೊಂದೇ ದಾರಿ. ಬಾಯಿಯ, ಅಂದರೆ ಹರಿತ ಬರುವ ಅಂಚಿನ, ಕಡೆ ಬಡಿದು ತೆಳುಮಾಡಿದಂತೆ ಆ ಬದಿ ಉದ್ದವಾಗಿ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಅದಕ್ಕೆ ಮೊದಲೇ ಬಾಯಿಯ ಕಡೆಗೆ ಸ್ವಲ್ಪ ಬಾಗಿಸಿಟ್ಟುಕೊಂಡರೆ ಕೊನೆಗೆ ನೇರವಾಗುತ್ತದೆ.

ಬಡಿದು ಮುಗಿದ ಅಲಗಿನ ಒಳಗೆ ಕಣಗಳು ಒರಟಾಗಿರುತ್ತವೆ. ಆಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಗಾಳಿಯಲ್ಲಿ ತೂಗುಹಾಕಿ ಕಪ್ಪಾಗುವ ತನಕ ಆರಿಸುವುದನ್ನು ಮೂರು ಸಲ ಮಾಡುತ್ತೇನೆ, ಪ್ರತಿ ಸಲ ಬಿಸಿ ಸ್ವಲ್ಪ ಕಡಿಮೆ. ಇದನ್ನು ಬಿಟ್ಟವರ ಚಾಕುವೇ ಬಾಗುವುದು, ಬಿರಿಯುವುದು. ಕೊನೆಗೊಮ್ಮೆ ಕಾಯಿಸಿ ಬಚ್ಚಲೊಲೆಯ ಒಣ ಬೂದಿಯಲ್ಲಿ ರಾತ್ರಿಯಿಡೀ ಹೂತಿಟ್ಟರೆ ಅರಕ್ಕೂ ಡ್ರಿಲ್ಲಿಗೂ ಬಗ್ಗುವಷ್ಟು ಮೆತ್ತಗಾಗುತ್ತದೆ.

ಅಲಗು 150 ಮಿ.ಮೀ., ಹಿಡಿ 115 ಮಿ.ಮೀ., ಅಗಲ 40. ಹಿಡಿಗೆ 5 ಮಿ.ಮೀ. ತೂತುಗಳನ್ನು ಈಗಲೇ ಕೊರೆಯಬೇಕು, ಹದ ಹಾಕಿದ ಮೇಲೆ ಡ್ರಿಲ್ ಬಿಟ್ ಇಳಿಯುವುದಿಲ್ಲ. ಬಾಯಿಯನ್ನು 1 ಮಿ.ಮೀ. ದಪ್ಪ ಉಳಿಸಿ ನಿಲ್ಲಿಸುತ್ತೇನೆ. ಅದಕ್ಕಿಂತ ತೆಳುವಾದರೆ ಎಣ್ಣೆಯಲ್ಲಿ ಅಲೆಯಲೆಯಾಗಿ ಸುಕ್ಕಾಗುತ್ತದೆ. 120 ನಂಬರ್ ಕಾಗದದಲ್ಲಿ ಉದ್ದುದ್ದಕ್ಕೆ ಉಜ್ಜಿ, ಅಡ್ಡ ಗೀರುಗಳನ್ನು ತೆಗೆದು, ಚೂಪು ಮೂಲೆಗಳನ್ನೆಲ್ಲ ದುಂಡಗೆ ಮಾಡಬೇಕು. ಬಿರುಕು ಶುರುವಾಗುವುದು ಅಲ್ಲಿಂದಲೇ.

ಇನ್ನು ಹದ. ಚಾಕು ಒಳ್ಳೆಯದೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಇಲ್ಲಿ. ಬಡಿತ, ಅರ, ಪಾಲಿಶ್ ಎಲ್ಲ ಆಕಾರಕ್ಕೆ ಸಂಬಂಧಿಸಿದ್ದು.

ಎತ್ತರದ ಕಬ್ಬಿಣದ ಡಬ್ಬದಲ್ಲಿ ನಾಲ್ಕು ಲೀಟರ್ ಕಡಲೆಕಾಯಿ ಎಣ್ಣೆ ಇಟ್ಟುಕೊಳ್ಳುತ್ತೇನೆ. ವೇಸ್ಟ್ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ಎದೆಗೆ ಕೆಟ್ಟದು. ನೀರಂತೂ ಬೇಡವೇ ಬೇಡ. ಈ ಉಕ್ಕು ನೀರಿನಲ್ಲಿ ಅತಿ ವೇಗವಾಗಿ ಆರಿ ಟಣ್ಣೆಂದು ಸೀಳುತ್ತದೆ. ಕಾದ ಕಬ್ಬಿಣದ ತುಂಡೊಂದನ್ನು ಅದ್ದಿ ಎಣ್ಣೆಯನ್ನು 55 ಡಿಗ್ರಿಗೆ ತರಬೇಕು. ಬೆಚ್ಚಗಿನ ಎಣ್ಣೆ ತೆಳುವಾಗಿ ಬೇಗ ಹರಿಯುವುದರಿಂದ ಅಲಗಿನ ಬಿಸಿಯನ್ನು ತಣ್ಣನೆಯ ಎಣ್ಣೆಗಿಂತ ಚೆನ್ನಾಗಿ ಎಳೆಯುತ್ತದೆ. ಮಳೆಗಾಲದಲ್ಲಿ ಡಬ್ಬದ ತಳ ನೋಡಿಕೊಳ್ಳಿ. ತಳದಲ್ಲಿ ನೀರು ನಿಂತಿದ್ದರೆ ಅದು ಒಮ್ಮೆಲೇ ಆವಿಯಾಗಿ ಕಾದ ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ. ಡಬ್ಬದ ಮುಚ್ಚಳ ಮತ್ತು ಒಂದು ಬಕೆಟ್ ಮರಳು ಕೈಗೆ ಸಿಗುವಂತಿರಲಿ.

ಈ ಕೆಲಸ ಬಿಸಿಲಿನಲ್ಲಿ ಆಗದು, ಬಣ್ಣ ಕಾಣುವುದಿಲ್ಲ. ಕತ್ತಲಾಗುವ ಹೊತ್ತಿಗೆ ಬೆಂಕಿಯ ಮುಂದೆ ನಿಲ್ಲುತ್ತೇನೆ. ಗಾಳಿ ಕಡಿಮೆ ಮಾಡಿ ಅಲಗನ್ನು ಇದ್ದಿಲಿನೊಳಗೆ ನಿಧಾನವಾಗಿ ಹಿಂದೆ ಮುಂದೆ ಆಡಿಸಬೇಕು. ತುದಿ ತೆಳುವಾದ್ದರಿಂದ ಅದೇ ಮೊದಲು ಕಾಯುತ್ತದೆ, ಅದನ್ನು ಆಗಾಗ ಹೊರಗೆ ತಳ್ಳಿ ಹಿಡಿಯಬೇಕು. ಕೆಂಪು ಏರುತ್ತಿದ್ದಂತೆ ಒಂದು ಹಂತದಲ್ಲಿ ಅಲಗಿನೊಳಗೆ ಮಂಕು ನೆರಳೊಂದು ಕಾಣಿಸಿಕೊಳ್ಳುತ್ತದೆ. ಸುತ್ತ ಪ್ರಕಾಶ, ನಡುವೆ ಕಪ್ಪು ಛಾಯೆ. ಉಕ್ಕು ಒಳಗೆ ರೂಪ ಬದಲಿಸುವಾಗ ಬಿಸಿಯನ್ನು ಹೀರುವುದರಿಂದ ಹಾಗಾಗುತ್ತದೆ. ಆ ನೆರಳು ಅಂಚಿನಿಂದ ಬೆನ್ನಿನ ಕಡೆಗೆ ಸರಿದು ಪೂರ್ತಿ ಮಾಯವಾಗಬೇಕು. ತಂತಿಗೆ ಕಟ್ಟಿದ ಆಯಸ್ಕಾಂತ ಮುಟ್ಟಿಸಿದರೆ ಅಂಟುವುದಿಲ್ಲ. ಅದು ಸುಮಾರು 770 ಡಿಗ್ರಿ. ಅಲ್ಲಿಗೇ ಅದ್ದಿದರೆ ಅರೆಹದ. ಇನ್ನೊಂದು ಛಾಯೆ ಮೇಲಕ್ಕೆ, ಅಂದರೆ 830–850ಕ್ಕೆ ಒಯ್ದು, ಬಣ್ಣ ಎಲ್ಲೆಡೆ ಒಂದೇ ಸಮ ಇರುವಂತೆ ಎರಡು ಮೂರು ನಿಮಿಷ ಹಿಡಿದು, ತುದಿ ಮುಂದಾಗಿ ನೇರ ಎಣ್ಣೆಗೆ ಇಳಿಸುತ್ತೇನೆ. ಬಾಯಿ–ಬೆನ್ನಿನ ದಿಕ್ಕಿನಲ್ಲಿ ಮಾತ್ರ ಆಡಿಸಬೇಕು. ಮಗ್ಗುಲಿಗೆ ಆಡಿಸಿದರೆ ಒಂದು ಬದಿ ಮೊದಲು ಆರಿ ಅಲಗು ತಿರುಚಿಕೊಳ್ಳುತ್ತದೆ. ಎತ್ತಿದ ಕೂಡಲೇ ಸಣ್ಣ ಬಾಗು ಕಂಡರೆ ಕೆಲವು ಕ್ಷಣದ ಅವಕಾಶವಿದೆ, ಗ್ಲೌಸ್ ಹಾಕಿಕೊಂಡು ಎರಡು ಹಲಗೆಯ ನಡುವೆ ಒತ್ತಬೇಕು. ತಣ್ಣಗಾದ ಮೇಲೆ ಬಗ್ಗಿಸಿದರೆ ಗಾಜಿನಂತೆ ಮುರಿಯುತ್ತದೆ.

ಅರ ಹಿಡಿದು ನೋಡಿ. ಜಾರಿದರೆ ಹದ ಬಂದಿದೆ. ಕಚ್ಚಿದರೆ ಗಾಬರಿ ಬೇಡ, ಮೇಲಿನ ಇಂಗಾಲ ಸುಟ್ಟ ಪದರ ಇರಬಹುದು. ಸ್ವಲ್ಪ ಉಜ್ಜಿ ಮತ್ತೆ ನೋಡಿ. ಆಗಲೂ ಕಚ್ಚಿದರೆ ಬಿಸಿ ಸಾಲದು ಎಂದರ್ಥ, ಗಾಳಿಯಲ್ಲಿ ಆರಿಸುವಲ್ಲಿಂದ ಮತ್ತೆ ಶುರುಮಾಡಬೇಕು.

ಗಾಜಿನಂಥ ಆ ಪೆಡಸು ಇಳಿಸಲು ಅದೇ ಸಂಜೆ ಓಟಿಜಿ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ, ಪೂರ್ತಿ ಆರಿಸಿ ಮತ್ತೆ ಎರಡು ಗಂಟೆ. ನಾಳೆಗೆ ಬಿಟ್ಟರೆ ಅಲಗು ಸುಮ್ಮನೆ ಕುಳಿತಲ್ಲೇ ಬಿರಿಯಬಹುದು. ಓವನ್ನಿನ ಗುಂಡಿಯನ್ನು ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಟ್ಟು ಅಲಗನ್ನು ಮರಳಿನ ತಟ್ಟೆಯ ಮೇಲೆ ಮಲಗಿಸಿ. ಉಜ್ಜಿ ಬೆಳ್ಳಗೆ ಮಾಡಿದ ಜಾಗ ಒಣಹುಲ್ಲಿನ ತಿಳಿ ಹಳದಿಗೆ ತಿರುಗಿದರೆ ಚಾಕುವಿಗೆ ಸರಿ. ಮರಗಸಿಗೆ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯಲು, ಬಳಸುವ ಕತ್ತಿಗೆ ಈ ಹದ ಹೆಚ್ಚಾಯಿತು, ಗಂಟಿಗೆ ಬಿದ್ದರೆ ಬಾಯಿ ಚಕ್ಕೆ ಹಾರುತ್ತದೆ. ಕತ್ತಿಯನ್ನು 270–280ರ ನೇರಳೆ ಬಣ್ಣದ ತನಕ ಒಯ್ಯುತ್ತೇನೆ.

ಆಮೇಲೆ ಸಾಣೆ ಹಿಡಿಯುವಾಗ ಬರಿಗೈಯಲ್ಲೇ ಹಿಡಿಯುತ್ತೇನೆ, ಕೈಗೆ ಬಿಸಿ ತಾಕಿದರೆ ನೀರಿಗೆ ಅದ್ದುವುದು. ಅಂಚಿನಲ್ಲಿ ನೀಲಿ ಕಂಡರೆ ಅಲ್ಲಿ ಹದ ಇಳಿದುಹೋಯಿತು. ಬಾಯಿ 0.3 ಮಿ.ಮೀ.ಗೆ ಬರುವ ತನಕ ತೆಳುಮಾಡುತ್ತೇನೆ. ದಪ್ಪ ಬಾಯಿಯ ಚಾಕು ಎಷ್ಟೇ ಹರಿತವಿದ್ದರೂ ಕ್ಯಾರೆಟ್ಟನ್ನು ಕತ್ತರಿಸುವುದಿಲ್ಲ, ಸೀಳುತ್ತದೆ.

ಹಿಡಿಗೆ ಕಿತ್ತ ಹಳೆಯ ರೊಬಸ್ಟಾ ಕಾಫಿ ಗಿಡದ ಕಾಂಡ ಚೆನ್ನ. ನಡುವಿನ ತಿರುಳು ಬಿಟ್ಟು ಸೀಳಿ, ತುದಿಗಳಿಗೆ ಮೇಣ ಬಳಿದು, ನೆರಳಿನಲ್ಲಿ ಒಂದು ವರ್ಷ ಒಣಗಿಸಬೇಕು. ಸಿಲ್ವರ್ ಓಕ್ ಮೆತ್ತಗೆ, ಬೇಡ. ಎರಡು ಹಲಗೆ, ಅರಾಲ್ಡೈಟ್, ಹಿತ್ತಾಳೆ ಕಡ್ಡಿ. ಕ್ಲ್ಯಾಂಪ್ ಅತಿ ಬಿಗಿ ಮಾಡಿದರೆ ಅಂಟೆಲ್ಲ ಹೊರಬಂದು ಕೀಲು ಬರಿದಾಗುತ್ತದೆ. ಆಷಾಢದ ಥಂಡಿಯಲ್ಲಿ ಅಂಟು ಗಟ್ಟಿಯಾಗಲು ಎರಡು ದಿನ ಬಿಡಿ. ಹಿಡಿಯ ಮರಕ್ಕೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಹರವಿ ಒಣಗಿಸಿ.

ಹಿಡಿಗೆ ಮರ ಕೂರಿಸುವ ಮೊದಲೇ 400, 1000 ನಂಬರಿನ ಕಲ್ಲಿನ ಮೇಲೆ ಪ್ರತಿ ಬದಿಗೆ 15–18 ಡಿಗ್ರಿ ಕೋನದಲ್ಲಿ ಹರಿತ. ಒಂದು ವಾರ ಮನೆಯಲ್ಲಿ ಬಳಸಿ, ಬಾಯಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಸಣ್ಣ ಚಕ್ಕೆ ಹಾರಿದ್ದರೆ ಬಿಸಿಯನ್ನು 15 ಡಿಗ್ರಿ ಹೆಚ್ಚಿಸಿ ಮತ್ತೊಮ್ಮೆ ಓವನ್ನಿಗೆ. ಹಿಡಿಗೆ ಮರ ಕೂರಿಸಿದ ಮೇಲೆ ಅದು ಆಗದು, ಹಾಗಾಗಿ ಈ ಪರೀಕ್ಷೆಯನ್ನು ಹಿಡಿಗೆ ಬಟ್ಟೆ ಸುತ್ತಿಕೊಂಡೇ ಮಾಡಿ ಮುಗಿಸುತ್ತೇನೆ. ಬಾಯಿ ಮಡಚಿದ್ದರೆ ಓವನ್ನಿನಿಂದ ಉಪಯೋಗವಿಲ್ಲ, ಎಣ್ಣೆಗೆ ಇಳಿಯುವಾಗ ಬಿಸಿ ಕಡಿಮೆ ಇತ್ತು. ಮತ್ತೆ ಕುಲುಮೆಗೇ ಹೋಗಬೇಕು.