ಸಾರಜನಕ, ಆರ್ಗಾನ್: ಸುಮ್ಮನೆ ಕೂತಿರುವ ಇಬ್ಬರನ್ನು ಹೋಲಿಸುವುದು ಹೇಗೆ?

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಕಳೆದ ವಾರ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಒಂದು ಅಲೋಹ, ಒಂದು ಜಡಾನಿಲ (ಬೇರೆಯವುಗಳ ಜೊತೆ ಸುಲಭಕ್ಕೆ ಸೇರದ ಅನಿಲ) ಆರಿಸಿ ಅವುಗಳ ಗುಣಗಳನ್ನು ಹೋಲಿಸಬೇಕಂತೆ. ಅವಳು ಆರಿಸಿದ್ದು ಸಾರಜನಕ ಮತ್ತು ಆರ್ಗಾನ್. ನಡುವೆ ಗೆರೆ ಎಳೆದು ಎಡಗಡೆ ಬರೆದಿದ್ದಳು: ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ, ಉರಿಯುವುದಿಲ್ಲ. ಬಲಗಡೆ: ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ, ಉರಿಯುವುದಿಲ್ಲ.

"ಎರಡೂ ಒಂದೇ ಥರ ಇದೆ. ಬೇರೆ ತಗೊಳ್ಳಲಾ?" ಅಂದಳು.

ಬೇಡ ಅಂದೆ. ಕ್ಲೋರಿನ್ ಮತ್ತು ಹೀಲಿಯಂ ಆರಿಸಿದ್ದರೆ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಅದರಲ್ಲಿ ಮಜಾ ಇಲ್ಲ. ನೋಡಲು ಅವಳಿ ಮಕ್ಕಳ ಹಾಗಿರುವ ಎರಡನ್ನು ಬೇರೆ ಮಾಡಿ ತೋರಿಸುವುದರಲ್ಲೇ ಹೋಲಿಕೆಯ ಕೆಲಸ ಇರುವುದು. ಈ ಇಬ್ಬರೂ ಈಗಲೇ ನಿಮ್ಮ ಮೂಗಿನೊಳಗೆ ಓಡಾಡುತ್ತಿದ್ದಾರೆ. ಒಣಗಾಳಿಯಲ್ಲಿ ಸಾರಜನಕ ಶೇ 78ರಷ್ಟು, ಆರ್ಗಾನ್ ಶೇ 0.93ರಷ್ಟು. ಕಡಿಮೆ ಅನ್ನಿಸಬಹುದು, ಆದರೆ ಎಲ್ಲರೂ ಮಾತಾಡುವ ಕಾರ್ಬನ್ ಡೈಆಕ್ಸೈಡ್‌ಗಿಂತ ಅದು ಇಪ್ಪತ್ತು ಪಟ್ಟಿಗೂ ಜಾಸ್ತಿ.

ಹೆಜ್ಜೆ 1: ವಿಳಾಸ ಬರೆಯಿರಿ

ಆವರ್ತ ಕೋಷ್ಟಕ ತೆಗೆಯಿರಿ. ಸಾರಜನಕದ ಪರಮಾಣು ಸಂಖ್ಯೆ 7. ಎರಡನೇ ಸಾಲು, 15ನೇ ಗುಂಪು. ಆರ್ಗಾನ್‌ನದು 18. ಮೂರನೇ ಸಾಲು, 18ನೇ ಗುಂಪು, ಅಂದರೆ ಬಲತುದಿಯ ಕೊನೆಯ ಕಂಬ. ಎಲೆಕ್ಟ್ರಾನ್‌ಗಳನ್ನು ಕವಚಗಳಲ್ಲಿ ಹಂಚಿ ಬರೆಯಿರಿ. ಸಾರಜನಕಕ್ಕೆ 2, 5. ಆರ್ಗಾನ್‌ಗೆ 2, 8, 8.

ಹೊರಗಿನ ಕವಚದ ಅಂಕಿಗೆ ಸುತ್ತು ಹಾಕಿ. ಒಂದು ಕಡೆ 5, ಇನ್ನೊಂದು ಕಡೆ 8. ಹೊರಕವಚದಲ್ಲಿ ಎಂಟು ತುಂಬಿದರೆ ಪರಮಾಣುವಿಗೆ ನೆಮ್ಮದಿ. ಸಾರಜನಕಕ್ಕೆ ಎಂಟು ತುಂಬಲು ಮೂರು ಎಲೆಕ್ಟ್ರಾನ್ ಬೇಕು. ಆರ್ಗಾನ್‌ಗೆ ಏನೂ ಬೇಡ. ಮುಂದಿನ ಕಥೆಯೆಲ್ಲ ಈ 5 ಮತ್ತು 8ರಿಂದಲೇ ಹುಟ್ಟುತ್ತದೆ.

ಹೆಜ್ಜೆ 2: ಒಂಟಿಯೋ, ಜೋಡಿಯೋ ಕೇಳಿ

ಜಾಸ್ತಿ ಮಕ್ಕಳು ಎಡವುವುದು ಇಲ್ಲೇ. ಪರಮಾಣು ರಾಶಿ ನೋಡಿ ಸಾರಜನಕ 14, ಆರ್ಗಾನ್ 40 ಎಂದು ಬರೆದು, ಆರ್ಗಾನ್ ಅನಿಲ ಹತ್ತಿರಹತ್ತಿರ ಮೂರು ಪಟ್ಟು ಭಾರ ಅಂತ ತೀರ್ಪು ಕೊಟ್ಟುಬಿಡುತ್ತಾರೆ. ತಪ್ಪು. ಗಾಳಿಯಲ್ಲಿ ಸಾರಜನಕ ಒಂಟಿಯಾಗಿ ತಿರುಗುವುದಿಲ್ಲ. ಎರಡು ಪರಮಾಣುಗಳು ಮೂರು ಮೂರು ಎಲೆಕ್ಟ್ರಾನ್ ಹಂಚಿಕೊಂಡು, ತ್ರಿಬಂಧದಲ್ಲಿ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಹಾಗಾಗಿ ತೂಗಬೇಕಾದ್ದು 14 ಅಲ್ಲ, 28. ಆರ್ಗಾನ್ ಒಂಟಿ, ಅದು 40 ಆಗಿಯೇ ಉಳಿಯುತ್ತದೆ.

ಹೆಜ್ಜೆ 3: ತೂಕ ಹಾಕಿ

ಸೊನ್ನೆ ಡಿಗ್ರಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ, ಯಾವ ಅನಿಲವಾದರೂ ಒಂದು ಮೋಲ್ (ಮೇಲೆ ಬರೆದ ರಾಶಿಯಷ್ಟೇ ಗ್ರಾಂ: ಸಾರಜನಕವಾದರೆ 28, ಆರ್ಗಾನ್ ಆದರೆ 40) ಸುಮಾರು 22.4 ಲೀಟರ್ ಜಾಗ ಹಿಡಿಯುತ್ತದೆ. 28ನ್ನು 22.4ರಿಂದ ಭಾಗಿಸಿ: ಲೀಟರ್‌ಗೆ 1.25 ಗ್ರಾಂ. 40ನ್ನು ಭಾಗಿಸಿ: ಸುಮಾರು 1.78 ಗ್ರಾಂ. ಗಾಳಿಯದು 1.29. ಅಂದರೆ ಸಾರಜನಕ ಗಾಳಿಗಿಂತ ಒಂಚೂರು ಹಗುರ, ಆರ್ಗಾನ್ ಚೆನ್ನಾಗಿಯೇ ಭಾರ.

ಇದನ್ನು ಸುಮ್ನೆ ಒಂದು ಅಂಕಿ ಅಂತ ಬರೆದು ಮುಂದೆ ಹೋಗಬೇಡಿ. ಆರ್ಗಾನ್ ಸಿಕ್ಕಿದ್ದೇ ಈ ತೂಕದಿಂದ. ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ್‍ಯಾಲಿ 1890ರ ದಶಕದ ಆರಂಭದಲ್ಲಿ ಸಾರಜನಕವನ್ನು ಎರಡು ದಾರಿಯಿಂದ ತಯಾರಿಸಿ ತೂಗುತ್ತಿದ್ದರು. ಒಂದು, ಗಾಳಿಯಿಂದ ಆಮ್ಲಜನಕ ತೆಗೆದು ಉಳಿದದ್ದು. ಇನ್ನೊಂದು, ಅಮೋನಿಯಾದಂಥ ರಾಸಾಯನಿಕಗಳಿಂದ ಬಿಡಿಸಿದ್ದು. ಅದೇ ಗಾಜಿನ ಬುರುಡೆಯಲ್ಲಿ ಮೊದಲನೆಯದು ಸುಮಾರು 2.310 ಗ್ರಾಂ ತೂಗಿತು. ರಾಸಾಯನಿಕದಿಂದ ಬಂದದ್ದು 2.299 ಗ್ರಾಂ. ವ್ಯತ್ಯಾಸ ಅರ್ಧ ಶೇಕಡಾಕ್ಕೂ ಕಮ್ಮಿ. ನಾವಾಗಿದ್ದರೆ ತಕ್ಕಡಿಯನ್ನು ಬೈದು ಸುಮ್ಮನಾಗುತ್ತಿದ್ದೆವು. ಅವರು, ವ್ಯತ್ಯಾಸ ಮೊದಲು ಕಂಡ 1892ರಲ್ಲೇ, 'ನೇಚರ್' ಪತ್ರಿಕೆಗೆ ಪತ್ರ ಬರೆದು, ಯಾರಿಗಾದರೂ ಕಾರಣ ಹೊಳೆಯುತ್ತದೆಯೇ ಅಂತ ಕೇಳಿದರು.

ಈ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಗಾಳಿಯಿಂದ ಆಮ್ಲಜನಕ ತೆಗೆದರೆ ಉಳಿದ ಅನಿಲದಲ್ಲಿ ಆರ್ಗಾನ್ ಶೇ 1.18ರಷ್ಟು ಬರುತ್ತದೆ. ಲೀಟರ್‌ಗೆ 0.53 ಗ್ರಾಂ ಹೆಚ್ಚು ಭಾರದ ಅನಿಲ ಅಷ್ಟು ಬೆರೆತರೆ, 1.2506 ಇದ್ದದ್ದು 1.2569 ಆಗುತ್ತದೆ. ಅದೇ ಅರ್ಧ ಶೇಕಡಾ! ಅಕ್ಕನ ಮಗಳು ಕ್ಯಾಲ್ಕುಲೇಟರ್ ಎರಡು ಸಲ ಒತ್ತಿ ನೋಡಿದಳು.

ಹೆಜ್ಜೆ 4: ತಣ್ಣಗೆ ಮಾಡಿ

ಇದನ್ನು ಬೇಗ ಮುಗಿಸೋಣ. ಸಾರಜನಕ ಕುದಿಯುವುದು ಮೈನಸ್ 195.8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆರ್ಗಾನ್ ಮೈನಸ್ 185.8ರಲ್ಲಿ. ಹೆಚ್ಚುಕಮ್ಮಿ ಹತ್ತು ಡಿಗ್ರಿ ಅಂತರ. ಆಮ್ಲಜನಕದ್ದು ಮೈನಸ್ 183, ಅಂದರೆ ಆರ್ಗಾನ್‌ಗೆ ಇನ್ನೂ ಹತ್ತಿರ. ಕಾರ್ಖಾನೆಗಳಲ್ಲಿ ಗಾಳಿಯನ್ನು ದ್ರವ ಮಾಡಿ, ಕುದಿಸಿ ಬೇರೆ ಮಾಡುವಾಗ ಸಾರಜನಕ ಸಲೀಸಾಗಿ ಹೊರಡುತ್ತದೆ. ಆರ್ಗಾನ್ ಮಾತ್ರ ಆಮ್ಲಜನಕಕ್ಕೆ ಅಂಟಿಕೊಂಡು ಸತಾಯಿಸುತ್ತದೆ. ಆರ್ಗಾನ್ ದುಬಾರಿಯಾಗಲು ಇದೂ ಒಂದು ಕಾರಣ.

ದ್ರವ ಸಾರಜನಕ ನೋಡಲು ಲ್ಯಾಬಿಗೇ ಹೋಗಬೇಕೆಂದಿಲ್ಲ. ನಮ್ಮ ಹಳ್ಳಿಗಳ ಪಶು ಆಸ್ಪತ್ರೆಗಳಲ್ಲಿ, ಹಸುಗಳ ಕೃತಕ ಗರ್ಭಧಾರಣೆಗೆ ಹೋರಿಯ ವೀರ್ಯದ ನಳಿಕೆಗಳನ್ನು ಇಡುವ ಕ್ಯಾನ್‌ನಲ್ಲಿ ಇರುವುದು ಅದೇ. ಮುಚ್ಚಳ ಎತ್ತಿದಾಗ ಬಿಳಿ ಹೊಗೆಯ ಹಾಗೆ ಕಾಣುವುದು ಸಾರಜನಕವಲ್ಲ, ಚಳಿಗೆ ಹನಿಗಟ್ಟಿದ ಗಾಳಿಯ ನೀರಾವಿ.

ಹೆಜ್ಜೆ 5: ಕೆಣಕಿ ನೋಡಿ

ಎರಡೂ ಮಾಮೂಲಿಯಾಗಿ ಯಾರ ತಂಟೆಗೂ ಹೋಗುವುದಿಲ್ಲ ಅಂತ ಪುಸ್ತಕ ಹೇಳುತ್ತದೆ. ಸರಿ, ಆದರೆ ಎರಡರ ಮೌನ ಒಂದೇ ಅಲ್ಲ. ಸಾರಜನಕ ಸುಮ್ಮನಿರುವುದು ಜೊತೆಗಾರನ ಕೈ ಬಿಡಲು ಇಷ್ಟವಿಲ್ಲದೆ. ಆ ತ್ರಿಬಂಧ ಮುರಿಯಲು ಮೋಲ್‌ಗೆ 945 ಕಿಲೋಜೂಲ್ ಬೇಕು. ಆರ್ಗಾನ್ ಸುಮ್ಮನಿರುವುದು ಯಾರ ಕೈಯೂ ಬೇಡವಾದ್ದರಿಂದ. ಕೈ ಬಿಡಿಸಿದರೆ ಸಾರಜನಕ ಬೇರೆಯೇ ಆಸಾಮಿ. ಸಿಡಿಲು ಹೊಡೆದಾಗ ಅದು ಆಮ್ಲಜನಕದ ಜೊತೆ ಸೇರುತ್ತದೆ. ಲಿಥಿಯಂ ಲೋಹದ ಮೇಲೆ ಕೋಣೆಯ ಉಷ್ಣತೆಯಲ್ಲೇ ಕುಳಿತು ಲಿಥಿಯಂ ನೈಟ್ರೈಡ್ ಆಗುತ್ತದೆ. ಕಬ್ಬಿಣದ ವೇಗವರ್ಧಕ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು), 400–500 ಡಿಗ್ರಿ ಬಿಸಿ, ಭಾರೀ ಒತ್ತಡ ಕೊಟ್ಟರೆ ಜಲಜನಕದೊಂದಿಗೆ ಸೇರಿ ಅಮೋನಿಯಾ ಆಗುತ್ತದೆ. ಜರ್ಮನಿಯ ವಿಜ್ಞಾನಿಗಳಾದ ಹೇಬರ್ ಮತ್ತು ಬಾಷ್ ತೋರಿಸಿಕೊಟ್ಟ ದಾರಿ ಇದು. ಗದ್ದೆಗೆ ಹಾಕುವ ಯೂರಿಯಾ ಬರುವುದೂ ಅದೇ ಅಮೋನಿಯಾದಿಂದ, ಅದರಲ್ಲಿ ಶೇ 46ರಷ್ಟು ಸಾರಜನಕ.

ಆರ್ಗಾನ್‌ಗೆ ಇದೆಲ್ಲ ತಾಗುವುದಿಲ್ಲ. ರಸಾಯನಶಾಸ್ತ್ರಜ್ಞ ವಿಲಿಯಂ ರ್‍ಯಾಮ್ಸೆ ಈ ವ್ಯತ್ಯಾಸವನ್ನೇ ಹಿಡಿದರು. ರ್‍ಯಾಲಿಯ ಪತ್ರದ ಒಗಟು ಬಿಡಿಸಲು ಅವರು ಗಾಳಿಯ ಸಾರಜನಕವನ್ನು ಕೆಂಪಗೆ ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಮೆಗ್ನೀಸಿಯಂ ಸಾರಜನಕವನ್ನು ನುಂಗುತ್ತಾ ಹೋಯಿತು. ಕೊನೆಗೆ ಏನು ಮಾಡಿದರೂ ನುಂಗದ ಒಂದು ಚೂರು ಉಳಿಯಿತು. ಅದರ ವರ್ಣಪಟಲದಲ್ಲಿ (ಅದು ಸೂಸುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ) ಯಾರೂ ಕಾಣದ ಗೆರೆಗಳಿದ್ದವು. 1894ರಲ್ಲಿ ಇಬ್ಬರೂ ಸೇರಿ ಹೊಸ ಅನಿಲವನ್ನು ಪ್ರಕಟಿಸಿದರು. ಇಟ್ಟ ಹೆಸರಿಗೆ ಮೂಲ ಗ್ರೀಕ್ ಪದ, ಅರ್ಥ ಸೋಮಾರಿ. 1904ರಲ್ಲಿ ರ್‍ಯಾಲಿಗೆ ಭೌತಶಾಸ್ತ್ರದ, ರ್‍ಯಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ತಮಾಷೆ ಏನೆಂದರೆ, ಇಂಗ್ಲೆಂಡಿನದೇ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್ 1785ರಲ್ಲೇ ಗಾಳಿಗೆ ಕಿಡಿ ಹಾಯಿಸುತ್ತಾ, ಕರಗದೆ ಉಳಿದ ಒಂದು ಸಣ್ಣ ಗುಳ್ಳೆಯನ್ನು ಬರೆದಿಟ್ಟಿದ್ದರು. ಅದರ ಕಡೆ ನೂರಕ್ಕೂ ಹೆಚ್ಚು ವರ್ಷ ಯಾರೂ ತಿರುಗಿ ನೋಡಲಿಲ್ಲ.

ಕಾಲಂ ತುಂಬುವಾಗ ಒಂದು ಎಚ್ಚರ. ಅಯಾನೀಕರಣ ಶಕ್ತಿ, ಅಂದರೆ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ತೆಗೆಯಲು ಬೇಕಾದ ಶಕ್ತಿ, ಸಾರಜನಕಕ್ಕೆ ಮೋಲ್‌ಗೆ 1402 ಕಿಲೋಜೂಲ್, ಆರ್ಗಾನ್‌ಗೆ 1521. ದೊಡ್ಡ ಅಂತರವೇನಲ್ಲ. ಬರೀ ಈ ಅಂಕಿ ತೋರಿಸಿ ಆರ್ಗಾನ್ ಜಡ ಅಂತ ಸಾಧಿಸಲು ಹೋಗಬೇಡಿ, 5 ಮತ್ತು 8ಕ್ಕೇ ವಾಪಸ್ ಬನ್ನಿ. ಇನ್ನೊಂದು ಮಾತು. ಆರ್ಗಾನ್ ಯಾವತ್ತೂ ಸೇರುವುದೇ ಇಲ್ಲ ಅಂತ ಗಟ್ಟಿಯಾಗಿ ಬರೆದರೂ ತಪ್ಪೇ. 2000ದಲ್ಲಿ ಹೆಲ್ಸಿಂಕಿಯ ವಿಜ್ಞಾನಿಗಳು ಅದನ್ನು ಜಲಜನಕ, ಫ್ಲೋರಿನ್ ಜೊತೆ ಸೇರಿಸಿದರು. ವಿಪರೀತ ಚಳಿಯಲ್ಲಿ ಮಾತ್ರ ಬಾಳುವ ಸಂಸಾರ ಅದು.

ಹೆಜ್ಜೆ 6: ಕೆಲಸ ಎಲ್ಲಿ ಕೊಟ್ಟಿದ್ದಾರೆ ನೋಡಿ

ಚಿಪ್ಸ್ ಪ್ಯಾಕೆಟ್‌ಗೆ ಸಾರಜನಕ ಸಾಕು. ಎಣ್ಣೆ ಕಮಟು ಹಿಡಿಯದಂತೆ ಆಮ್ಲಜನಕವನ್ನು ದೂರ ಇಟ್ಟರೆ ಆಯಿತು, ಬೆಲೆಯೂ ಕಡಿಮೆ. ಟೈಟಾನಿಯಂ ಬೆಸುಗೆಗೆ ಮಾತ್ರ ಆರ್ಗಾನ್‌ನಂಥ ಜಡಾನಿಲವೇ ಬೇಕು. ಅಷ್ಟು ಬಿಸಿಯಲ್ಲಿ ಸಾರಜನಕ ಸುಮ್ಮನಿರದೆ ಲೋಹದೊಳಗೆ ಸೇರಿ ಅದನ್ನು ಪೆಡಸು ಮಾಡಿಬಿಡುತ್ತದೆ. ಹಳೇ ತಂತಿ ಬಲ್ಬುಗಳಲ್ಲಿ ಇಬ್ಬರೂ ಒಟ್ಟಿಗಿದ್ದರು. ಜಾಸ್ತಿ ಪಾಲು ಆರ್ಗಾನ್, ಒಳಗೆ ಕಿಡಿ ಹಾರದಿರಲೆಂದು ಸ್ವಲ್ಪ ಸಾರಜನಕ.

ಇಷ್ಟಾದ ಮೇಲೆ ಅವಳು ರಬ್ಬರ್ ತಗೊಂಡು ಮೊದಲಿನ ಸಾಲುಗಳನ್ನು ಅಳಿಸಲು ಹೊರಟಳು. ವಾಸನೆ ಇಲ್ಲ ಅನ್ನುವ ಸಾಲು ಇರಲಿ ಅಂದೆ. ಮುಚ್ಚಿದ ಕೋಣೆಯಲ್ಲಿ ಎರಡರಲ್ಲಿ ಯಾವುದು ಸೋರಿದರೂ ಆಮ್ಲಜನಕ ಕಮ್ಮಿಯಾಗುತ್ತದೆ. ಉಸಿರು ಕಟ್ಟಿದ ಅನುಭವ ನಮಗೆ ಬರುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದಾಗ. ಇಲ್ಲಿ ಅದು ಹೆಚ್ಚಾಗುವುದಿಲ್ಲ. ಹಾಗಾಗಿ ಮೂಗೂ ಹೇಳುವುದಿಲ್ಲ, ಎದೆಯೂ ಹೇಳುವುದಿಲ್ಲ, ಮನುಷ್ಯ ನಿಂತಲ್ಲೇ ಕುಸಿಯಬಹುದು. ಅವಳು ಆ ಸಾಲನ್ನು ಹಾಗೇ ಬಿಟ್ಟು, ಆರ್ಗಾನ್ ಕಡೆ ಮಾತ್ರ ಇನ್ನೊಂದು ಮಾತು ಸೇರಿಸಿದಳು: "ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ, 1.78."